ವಿಶಾಖಪಟ್ಟಣಕ್ಕೆ ಒಯ್ದ ಎಂಟು ಗಾಜಿನ ಪಟ್ಟಿಗಳು

ಮೇ ತಿಂಗಳ ಒಂದು ಸೋಮವಾರ ಸಂಜೆ ಹುಬ್ಬಳ್ಳಿಯಲ್ಲಿ ಗುಂಟೂರಿನ ಗಾಡಿ ಹತ್ತಿದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ದಿನಗಳು. ಆ ದಾರಿ ಆಗ ಇನ್ನೂ ಮೀಟರ್ ಗೇಜು. ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ನನ್ನ ಚೀಲದಲ್ಲಿ ನಾಲ್ಕು ಸೀರೆ, ಅವ್ವನಿಗೆಂದು ಕಟ್ಟಿಸಿದ ಪೇಡೆ, ಒಂದು ಭೂತಗನ್ನಡಿ, ಒಂದು ಡಬ್ಬಿ ವ್ಯಾಸಲೀನ್, ನಾನು ರಸಾಯನಶಾಸ್ತ್ರ ಕಲಿಸುವ ಧಾರವಾಡದ ಕಾಲೇಜಿನಿಂದ ಕೇಳಿ ತಂದ ಎಂಟು ಗಾಜಿನ ಪಟ್ಟಿಗಳು ಇದ್ದವು. ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರಲ್ಲ, ಎರಡು ಬೆರಳಗಲದ ಅವೇ ಪಟ್ಟಿಗಳು.

ಕರೆಸಿಕೊಂಡವನು ನನ್ನ ತಮ್ಮ ಶ್ರೀಧರ. ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ವಿಶಾಖಪಟ್ಟಣಕ್ಕೆ ಹೋಗಿ ಮೂರು ವರ್ಷವಾಗಿತ್ತು. ಅವನ ಮಗಳು ವಿದ್ಯಾಳಿಗೆ ಎಂಟು ವರ್ಷ. ಅಲ್ಲಿಗೆ ಹೋದಂದಿನಿಂದ ಆ ಕೂಸಿಗೆ ದಮ್ಮು. ಡಾಕ್ಟರು ಔಷಧ ಕೊಟ್ಟು, ಯಾವುದೋ ಅಲರ್ಜಿ ಇದೆ, ಯಾವುದೆಂದು ಮನೆಯವರೇ ಗಮನಿಸಬೇಕು ಎಂದಿದ್ದರಂತೆ. ಶ್ರೀಧರನ ಪತ್ರ ಹೀಗಿತ್ತು: "ಅಕ್ಕಾ, ನನಗ ಪ್ರಮೋಷನ್ ಬಂದೈತಿ. ಒಪ್ಪಿಕೊಂಡ್ರ ಇನ್ನೂ ಮೂರು ವರ್ಷ ಇಲ್ಲೇ ಇರಬೇಕು. ಬ್ಯಾಡಂದ್ರ ಬಳ್ಳಾರಿ ಕಡೆ ಕಳಸ್ತಾರ, ಆದ್ರ ಪ್ರಮೋಷನ್ ಹೋತು. ಬಂದರದ ಧೂಳಿನಿಂದನ ಕೂಸಿಗೆ ಹಿಂಗ ಆಗ್ತೈತಿ ಅಂತ ನನಗ ಖಾತ್ರಿ ಐತಿ. ತಿಂಗಳ ಕೊನೀಗೆ ಉತ್ತರಾ ಕೊಡಬೇಕು. ನೀ ಬಂದು ಹವಾ ಪರೀಕ್ಷಾ ಮಾಡಿ ಹೇಳು."

ಪರೀಕ್ಷೆ ಎಂದರೆ ದೊಡ್ಡದೇನೂ ಅಲ್ಲ. ಗಾಜಿಗೆ ತೆಳ್ಳಗೆ ವ್ಯಾಸಲೀನ್ ಸವರಿ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಗಾಳಿಯಲ್ಲಿದ್ದದ್ದು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು ಎಣಿಸಬೇಕು, ಬಣ್ಣ ನೋಡಬೇಕು. ಒಂದು ಪಟ್ಟಿಗೆ ಸವರಿಯೂ ಡಬ್ಬಿಯೊಳಗೇ ಮುಚ್ಚಿಡಬೇಕು, ಹೋಲಿಸಿ ನೋಡಲಿಕ್ಕೆ. ಹದಿನಾಲ್ಕು ವರ್ಷದಿಂದ ಹುಡುಗರಿಗೆ ನಾನು ಹೇಳುತ್ತಾ ಬಂದದ್ದು ಒಂದೇ ಮಾತು: ಮೊದಲು ನೋಡು, ಆಮೇಲೆ ಊಹಿಸು, ಊಹೆಯನ್ನು ಸುಳ್ಳು ಮಾಡಲು ಪ್ರಯತ್ನಿಸು, ಆಗಲೂ ನಿಂತರೆ ನಂಬು. ಗಾಡಿ ಗದಗ ದಾಟುವಷ್ಟರಲ್ಲಿ ನಾನೇ ಬಂದರದ ಧೂಳಿನ ಮೇಲೆ ವರದಿಯ ಮೊದಲ ಎರಡು ವಾಕ್ಯ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆ. ಹುಡುಗರು ಹೀಗೆ ಮಾಡಿದ್ದರೆ ಜರ್ನಲ್ ಹರಿದು ಕೈಗೆ ಕೊಡುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ಗುಂಟೂರಿನಲ್ಲಿ ಇಳಿದಾಗ ಪ್ಲಾಟ್‌ಫಾರಮ್ಮು ಹಂಚಿನಂತೆ ಕಾದಿತ್ತು. ಅಲ್ಲಿಂದ ವಿಜಯವಾಡಕ್ಕೆ ಬಸ್ಸು, ಇಪ್ಪತ್ತು ಮೈಲಿ. ಮಂಗಳಗಿರಿಯಲ್ಲಿ ಬಸ್ಸು ನಿಂತಾಗ ನೇಯ್ಗೆಯ ಸೀರೆಗಳ ಗಂಟು ಹೊತ್ತ ಹೆಂಗಸೊಬ್ಬಳು ಹತ್ತಿ ನನ್ನ ಚೀಲದ ಮೇಲೆಯೇ ಗಂಟಿಟ್ಟಳು. ಒಂದು ಗಾಜಿನ ಪಟ್ಟಿ ಅಲ್ಲೇ ಚಟ್ಟೆಂದಿತು. ಅವಳು ಎಷ್ಟು ನೊಂದುಕೊಂಡಳೆಂದರೆ ದಾರಿಯುದ್ದಕ್ಕೂ ನನ್ನ ಕೈ ಸವರುತ್ತಾ ತೆಲುಗಿನಲ್ಲಿ ಸಮಾಧಾನ ಹೇಳಿದಳು. ಕನ್ನಡಿ ಒಡೆಯಿತೆಂದುಕೊಂಡಿದ್ದಳೋ ಏನೋ. ಕೃಷ್ಣೆಯ ಬ್ಯಾರೇಜು ದಾಟುವಾಗ ಕೆಳಗೆ ನೀರಿಗಿಂತ ಮರಳೇ ಹೆಚ್ಚು ಕಂಡಿತು.

ವಿಜಯವಾಡದಲ್ಲಿ ನಾನು ಇಳಿದುಕೊಂಡದ್ದು ಕುಸುಮಾಳ ಮನೆಯಲ್ಲಿ. ಕುಸುಮಾ ನನ್ನ ತಮ್ಮನ ಹೆಂಡತಿ ಸುಮಂಗಲಾಳ ಅಕ್ಕ. ತೆಲುಗರ ಮನೆಗೆ ಸೊಸೆಯಾಗಿ ಬಂದು ಹದಿನೈದು ವರ್ಷವಾಗಿತ್ತು. ವಿದ್ಯಾ ಬೇಸಿಗೆ ರಜೆಗೆ ಒಂದು ತಿಂಗಳಿನಿಂದ ಅಲ್ಲೇ ಇದ್ದಳು. ಅವಳನ್ನು ನೋಡಿಕೊಂಡು, ಜೊತೆಗೆ ಕರೆದುಕೊಂಡು ವಿಶಾಖಪಟ್ಟಣಕ್ಕೆ ಹೋಗುವುದೆಂದು ಮಾತಾಗಿತ್ತು. ಬಾಗಿಲು ತೆಗೆದವಳೇ ವಿದ್ಯಾ. "ಅತ್ತೀ ವಚ್ಚಿಂದಿ" ಎಂದು ಒಳಗೆ ಕೂಗಿ, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡು, "ಅತ್ತಿ ಬಂದ್ಳು" ಎಂದು ಕನ್ನಡದಲ್ಲಿ ತಿದ್ದಿದಳು. ಕೂಸಿನ ಕೆನ್ನೆ ತುಂಬಿತ್ತು. ಉಸಿರಿನ ಸದ್ದೇ ಇರಲಿಲ್ಲ.

"ಬಂದಾಗಿಂದ ಒಂದು ದಿನಾನೂ ದಮ್ಮಿಲ್ಲ ಅಕ್ಕಾರ" ಎಂದಳು ಕುಸುಮಾ, ನಿಂಬೆ ಸೋಡಾ ಕೊಡುತ್ತಾ. "ಹ್ವಾದ ವರ್ಷಾನೂ ಹಂಗ. ಇಲ್ಲಿ ಬಂದ್ಲಂದ್ರ ಆರಾಮ, ವೈಜಾಗಿಗೆ ಹೋದ್ಲಂದ್ರ ಶುರು. ಇನ್ನೇನು ಬೇಕು ನಿಮಗ ಸಾಕ್ಷಿ?"

ಅವಳ ಗಂಡ ಸತ್ಯನಾರಾಯಣ ಲಾರಿ ಬಿಡಿಭಾಗಗಳ ವ್ಯಾಪಾರಿ. ಮನೆಯ ಮುಂದಿನ ರಸ್ತೆಯಲ್ಲಿ ಹಗಲಿಡೀ ಲಾರಿಗಳು. ನಾನು ತಾರಸಿಯ ಮೇಲೆ ಒಂದು, ಕೂಸು ಮಲಗುವ ಕೋಣೆಯಲ್ಲಿ ಒಂದು ಪಟ್ಟಿ ಇಟ್ಟದ್ದನ್ನು ಅವರು ಕೈಕಟ್ಟಿ ನೋಡಿದರು. "ಅಕ್ಕಯ್ಯಗಾರು, ನಮ್ಮ ಬೆಜವಾಡದ ಧೂಳು ಬೇಕಂದ್ರೆ ಇಷ್ಟು ಕಷ್ಟ ಯಾಕಂಡಿ, ನನ್ನ ಷರ್ಟು ಜಾಡಿಸಿ ಕೊಡ್ತೀನಿ" ಎಂದರು. ನಾನು ನಕ್ಕೆ. ಬುಧವಾರ ಸಂಜೆ ಪಟ್ಟಿ ತೆಗೆದು ನೋಡಿದಾಗ ನಗು ಹೋಯಿತು. ತಾರಸಿಯದು ಕಪ್ಪು, ಕಂದು ಕಣಗಳಿಂದ ತುಂಬಿಹೋಗಿತ್ತು. ಒಳಗಿನ ಕೋಣೆಯದೂ ಕಡಿಮೆಯೇನಿಲ್ಲ. ಸೆಕೆಗೆ ಅವರು ಕಿಟಕಿ ಮುಚ್ಚುವುದೇ ಇಲ್ಲ. ಇಷ್ಟು ಧೂಳು ನುಂಗಿಯೂ ಕೂಸು ಅದೇ ಸಂಜೆ ನನ್ನೊಡನೆ ಕನಕದುರ್ಗೆಯ ಬೆಟ್ಟ ಹತ್ತಿ, ಏದುಸಿರು ಬಿಡುತ್ತಿದ್ದ ನನಗೆ ಮೇಲಿನ ಮೆಟ್ಟಿಲಿನಿಂದ ಕೈಚಾಚಿತು. ಧೂಳೇ ಕಾರಣವಾದರೆ ಇಲ್ಲಿಯೂ ದಮ್ಮು ಬರಬೇಕಿತ್ತು. ಈ ಧೂಳು ಬೇರೆ, ಆ ಧೂಳು ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ. ಇರಬಹುದು ಕೂಡ.

ಗುರುವಾರ ಬೆಳಿಗ್ಗೆ ವಿಶಾಖಪಟ್ಟಣದ ಗಾಡಿ. ಸುಮಾರು ಮುನ್ನೂರೈವತ್ತು ಕಿಲೋಮೀಟರು, ಎಂಟು ತಾಸು. ಒದ್ದೆ ಟವೆಲ್ಲನ್ನು ಕಿಟಕಿಗೆ ಕಟ್ಟಿ ಕೂತೆವು. ರಾಜಮಹೇಂದ್ರಿಯಲ್ಲಿ ಗೋದಾವರಿ ಸೇತುವೆ ಬಂದಾಗ ಡಬ್ಬಿಯವರೆಲ್ಲ ಎದ್ದು ನೀರಿಗೆ ನಾಣ್ಯ ಹಾಕಿದರು. ಕೂಸೂ ಹಾಕಿ ಕೈಮುಗಿಯಿತು. ಏನು ಬೇಡಿಕೊಂಡೆ ಎಂದು ಕೇಳಿದೆ. "ನಾನ್ನಾ ವೈಜಾಗ್ ಬಿಡಬಾರದು ಅಂತ. ಅಲ್ಲಿ ನನ್ನ ಫ್ರೆಂಡ್ಸ್ ಉನ್ನಾರು. ಸಮುದ್ರ ಉಂದಿ" ಎಂದಳು. ಅಪ್ಪನನ್ನು ತೆಲುಗಿನವರ ಹಾಗೆ ನಾನ್ನಾ ಎಂದೇ ಕರೆಯುತ್ತಿದ್ದಳು; ಇದ್ದಾರೆ, ಇದೆ ಎನ್ನುವುದಕ್ಕೂ ತೆಲುಗೇ ಬಾಯಿಗೆ ಬರುತ್ತಿತ್ತು. ಊರು ಬಿಡುವ ವಿಷಯ ದೊಡ್ಡವರು ಮಾತಾಡುವಾಗ ಅವಳ ಕಿವಿಗೂ ಬಿದ್ದಿತ್ತೆಂದು ನನಗೆ ಆಗಲೇ ತಿಳಿದದ್ದು. ತುನಿಯಲ್ಲಿ ಮಾವಿನಹಣ್ಣು ಕೊಂಡೆವು. ಅನಕಾಪಲ್ಲಿಯಲ್ಲಿ ಬೆಲ್ಲದ ವಾಸನೆ. ಅದಾದ ಮೇಲೆ ಗಾಳಿಗೆ ಉಪ್ಪಿನ ಜಿಗುಟು ಬಂತು.

ಶ್ರೀಧರ ಸ್ಟೇಷನ್ನಿಗೆ ಬಂದಿದ್ದ. ಮೂವತ್ತೈದಕ್ಕೇ ಕಣ್ಣಿನ ಕೆಳಗೆ ಕಪ್ಪು. ಮಗಳನ್ನು ಎತ್ತಿಕೊಳ್ಳುವ ಮೊದಲು ಅವಳ ಎದೆಗೆ ಕಿವಿಯಿಟ್ಟು ಕೇಳಿದ. ಅವನ ಬಾಡಿಗೆ ಮನೆ ಹಳೆಯ ಊರಿನ ಕಡೆ, ಬಂದರಿಗೆ ಹತ್ತಿರ, ಎರಡನೆಯ ಮಹಡಿ. ಕಿಟಕಿಗಳಿಗೆಲ್ಲ ಒಳಗಿನಿಂದ ಕಾಗದ ಅಂಟಿಸಿ, ಸಂದಿಗೆ ಬಟ್ಟೆ ತುರುಕಿದ್ದರು. "ಧೂಳು ಬರಬಾರದಂತ ಅಕ್ಕಾರ" ಎಂದಳು ಸುಮಂಗಲಾ. ನೆಲ ಒರೆಸಿದ ಬಟ್ಟೆಯನ್ನು ಹಿಂಡಿ ತೋರಿಸಿದಳು. ನೀರು ಕೆಂಪಗಿತ್ತು, ಬಂದರದಲ್ಲಿ ಹಡಗಿಗೆ ತುಂಬುವ ಕಬ್ಬಿಣದ ಅದಿರಿನ ಬಣ್ಣ.

ಅವ್ವ ಒಳಗಿನಿಂದ ಬಂದಳು. ಅಪ್ಪ ತೀರಿಕೊಂಡ ಮೇಲೆ, ಮೂರು ವರ್ಷದ ಹಿಂದೆ, ಶ್ರೀಧರ ಅವಳನ್ನು ಜೊತೆಗೆ ಕರೆತಂದಿದ್ದ. ಎಪ್ಪತ್ತರ ಹೆಂಗಸು, ಕೂಸೆಂದರೆ ಜೀವ. ವಿದ್ಯಾ ರಜೆಗೆ ಹೋದಾಗಲೂ ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಸರಿಯಲ್ಲವೆಂದು ಇಲ್ಲೇ ಉಳಿಯುತ್ತಿದ್ದಳು. "ಸೊರಗೀದಿ ನೋಡವಾ, ಆ ಹುಡುಗರಿಗೆ ಕಲಿಸಿ ಕಲಿಸಿ" ಎಂದು ನನ್ನ ಗಲ್ಲ ಹಿಡಿದಳು. ನಾನು ಆ ಸಂಜೆಯೇ ತಾರಸಿಗೊಂದು, ಕೂಸಿನ ಕೋಣೆಗೊಂದು ಪಟ್ಟಿ ಇಟ್ಟೆ.

ಮರುದಿನ ಶುಕ್ರವಾರ. ಬೆಳಿಗ್ಗೆಯೇ ಅವ್ವ ಕೂಸಿನ ತಲೆಗೆ ಎಣ್ಣೆ ತಿಕ್ಕಿ, ಸೀಗೆಪುಡಿ ಹಚ್ಚಿ ಎರೆದಳು. ಆಮೇಲೆ ಕೆಂಡದ ಮೇಲೆ ಲೋಬಾನ ಉದುರಿಸಿ, ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ಕೂದಲು ಹರವಿದಳು. ನಮ್ಮೆಲ್ಲರಿಗೂ ಅವ್ವ ಪ್ರತಿ ಶುಕ್ರವಾರ ಹೀಗೇ ಮಾಡುತ್ತಿದ್ದಳು. ಒದ್ದೆ ತಲೆಯಿಂದ ನೆಗಡಿಯಾಗದಿರಲಿ ಎಂದು ಲೋಬಾನ. ನನಗೆ ಆ ಹೊಗೆಯ ವಾಸನೆಗೆ ಬಾಲ್ಯವೇ ಎದುರು ಬಂದು ನಿಂತಿತು. ಆರಾಮವಾಗಿ ಕೂತು ಚಹಾ ಕುಡಿದೆ. ಹೌದು, ಕೂತು ನೋಡುತ್ತಾ ಚಹಾ ಕುಡಿದೆ. ಅವ್ವ ಆಮೇಲೆ ಅದೇ ಕೆಂಡದ ಪಾತ್ರೆ ಹಿಡಿದು ಮೂಲೆಮೂಲೆಗೂ ಹೊಗೆ ತೋರಿಸಿದಳು.

ಸಂಜೆ ನಾಲ್ಕಕ್ಕೆ ಕೂಸಿಗೆ ದಮ್ಮು ಬಂತು. ಎದೆಯೊಳಗೆ ಪೀಪಿ ಊದಿದ ಸದ್ದು, ಕತ್ತಿನ ನರ ಎಳೆದುಕೊಳ್ಳುವುದು. ಅದನ್ನು ನಾನು ಎಂದೂ ಕಣ್ಣಾರೆ ಕಂಡಿರಲಿಲ್ಲ. ಸುಮಂಗಲಾ ಡಾಕ್ಟರು ಕೊಟ್ಟ ಔಷಧ ಕುಡಿಸಿ ಬೆನ್ನು ನೀವಿದಳು. ಶ್ರೀಧರ, "ನೋಡಿದಿ? ಬಂದು ಒಂದು ದಿನಾ ಆಗಿಲ್ಲ" ಎಂದ. ಅವ್ವ ಕಣ್ಣೊರೆಸಿಕೊಳ್ಳುತ್ತಾ ಹೋಗಿ ಮತ್ತೆ ಕೆಂಡ ಮಾಡಿ ತಂದು ಕೂಸಿನ ಎದೆಯ ಹತ್ತಿರ ಹಿಡಿದಳು. ಕಫ ಕರಗಲಿ ಎಂದು. ಕೂಸು ಮುಖ ತಿರುಗಿಸಿ ಇನ್ನಷ್ಟು ಕೆಮ್ಮಿತು. ಆಗ ಮೊದಲ ಬಾರಿ ನಾನು ಆ ಹೊಗೆಯ ಕಡೆ ಗಮನವಿಟ್ಟು ನೋಡಿದೆ. "ಅವ್ವಾ, ಸಾಕು, ಹೊರಗ ಒಯ್ಯಿ" ಎಂದು ಪಾತ್ರೆ ತೆಗೆದಿಡಿಸಿದೆ. ಬೆಳಗಾಗುವಷ್ಟರಲ್ಲಿ ಕೂಸಿನ ಉಸಿರು ಸರಿಹೋಯಿತು.

ಶನಿವಾರ ಬೆಳಿಗ್ಗೆ ಪಟ್ಟಿಗಳನ್ನು ನೋಡಿದೆ. ತಾರಸಿಯದರಲ್ಲಿ ಕೆಂಪು ಕಣಗಳಿದ್ದವು, ಹೌದು. ಆದರೆ ವಿಜಯವಾಡದ ತಾರಸಿಯಷ್ಟೂ ಇರಲಿಲ್ಲ. ಕೂಸಿನ ಕೋಣೆಯದರಲ್ಲಿ ಕೆಂಪು ಅಲ್ಲೊಂದು ಇಲ್ಲೊಂದು. ಉಳಿದದ್ದೆಲ್ಲ ನುಣ್ಣನೆಯ ಕಪ್ಪು ಮಸಿ, ಎಣಿಸಲಿಕ್ಕೇ ಬಾರದಷ್ಟು. ನನ್ನದೇ ಕೈ ತಾಗಿರಬೇಕೆಂದು ಆ ಪಟ್ಟಿಯನ್ನು ಪಕ್ಕಕ್ಕಿಟ್ಟುಬಿಟ್ಟೆ. ಬೇಡದ ಉತ್ತರ ಬಂದಾಗ ಹುಡುಗರು ಹೇಳುವ ಮೊದಲ ಮಾತು ಅದೇ. ನಾಚಿಕೆಯಾಗಿ, ಅದೇ ಜಾಗದಲ್ಲಿ ಇನ್ನೊಂದು ಇಟ್ಟೆ. ಅವ್ವ ಸಂಜೆ ದೀಪ ಹಚ್ಚುವ ಹೊತ್ತಿಗೆ ದಿನವೂ ಸ್ವಲ್ಪ ಧೂಪ ಹಾಕುತ್ತಾಳೆ. ಮರುದಿನ ಆ ಪಟ್ಟಿಯಲ್ಲೂ ಅದೇ ಮಸಿ.

ನಡುವೆ ಮೂವರನ್ನೂ ಕೇಳಿದೆ: ದಮ್ಮು ಯಾವಾಗ ಬರುತ್ತದೆ? ಬಂದರದ ಕಡೆಯಿಂದ ಗಾಳಿ ಬೀಸಿದಾಗ ಎಂದ ಶ್ರೀಧರ. ಸೀಬೆಹಣ್ಣು ತಿಂದಾಗ ಎಂದಳು ಸುಮಂಗಲಾ. ಅವ್ವ ಗೋಡೆಯ ಕ್ಯಾಲೆಂಡರನ್ನೇ ಇಳಿಸಿ ತಂದಳು. ಕೂಸಿಗೆ ಆರಾಮಿಲ್ಲದ ಪ್ರತಿ ದಿನದ ಮೇಲೂ ಕುಂಕುಮದ ಬೊಟ್ಟು ಇಟ್ಟಿದ್ದಳು. "ಅಮಾಸಿ ಹುಣ್ಣಿವಿಗೆ ಜಾಸ್ತಿ ಅಂತ ನನ್ನ ಅಂದಾಜು. ಅದಕ್ಕ ಗುರುತು ಮಾಡೇನಿ" ಎಂದಳು. ಓದು ಬಾರದ ನನ್ನ ತಾಯಿ, ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು, ಊಹೆ ಮಾಡಿ ಅದನ್ನು ಗುರುತಿಟ್ಟು ನೋಡುತ್ತಿದ್ದವಳು. ಹಿಂದಿನ ವರ್ಷದ ಕ್ಯಾಲೆಂಡರನ್ನೂ ಪೆಟ್ಟಿಗೆಯಿಂದ ತೆಗೆದುಕೊಟ್ಟಳು.

ಅಮಾವಾಸ್ಯೆ ಹುಣ್ಣಿಮೆಗಳಿಗೂ ಬೊಟ್ಟುಗಳಿಗೂ ಸಂಬಂಧವಿರಲಿಲ್ಲ. ಬೊಟ್ಟುಗಳು ಶುಕ್ರವಾರ, ಶನಿವಾರಗಳ ಕೆಳಗೆ ಸಾಲಾಗಿ ಇಳಿದಿದ್ದವು, ನಡುನಡುವೆ ಬೇರೆ ದಿನ ಒಂದೆರಡು. ಹಿಂದಿನ ವರ್ಷ ಶ್ರಾವಣದಿಂದ ಎರಡು ತಿಂಗಳು ಒಂದೂ ಬೊಟ್ಟಿಲ್ಲ. ಆ ಎರಡು ತಿಂಗಳು ಅವ್ವ ಧಾರವಾಡದಲ್ಲಿ ನನ್ನ ಜೊತೆ ಇದ್ದಳು. ಸಿಕ್ಕಿತು ಎಂದುಕೊಂಡ ಮರುಕ್ಷಣವೇ ತಪ್ಪು ಹೊಳೆಯಿತು. ಬೊಟ್ಟು ಇಡುವವಳೇ ಊರಲ್ಲಿ ಇಲ್ಲದಿದ್ದರೆ ಬೊಟ್ಟು ಎಲ್ಲಿಂದ ಬರಬೇಕು? ಸುಮಂಗಲಾಳಿಂದ ಕೂಸಿನ ಶಾಲೆಯ ಪ್ರಗತಿಪತ್ರ ಕೇಳಿ ಹಾಜರಾತಿ ನೋಡಿದೆ. ಉಳಿದ ತಿಂಗಳು ಆರೇಳು ದಿನ ತಪ್ಪಿದ್ದ ಕೂಸು ಆ ಎರಡು ತಿಂಗಳು ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ಬಂದರು ಮಾತ್ರ ಆಗಲೂ ಅಲ್ಲೇ ಇತ್ತು.

ನನ್ನ ವರದಿ ಸಿದ್ಧವಾಯಿತು, ಆದರೆ ಅದನ್ನು ಯಾರಿಗೆ ಓದಿ ಹೇಳುವುದು? ಭಾನುವಾರ ಸಂಜೆ ಶ್ರೀಧರನನ್ನು ಸಮುದ್ರದ ದಂಡೆಗೆ ಕರೆದೊಯ್ದು ಎಲ್ಲ ಹೇಳಿದೆ. ಊರಿನ ಮನೆಯಲ್ಲಿ ಹಿತ್ತಲಿನಲ್ಲಿ ಹೊಗೆ ಹಾಕುತ್ತಿದ್ದೆವು, ಹಂಚಿನ ಸಂದಿಯಿಂದಲೂ ಹೋಗುತ್ತಿತ್ತು. ಇಲ್ಲಿ ಧೂಳಿಗೆ ಹೆದರಿ ಕಿಟಕಿ ಮುಚ್ಚಿದ್ದೀರಿ, ಹೊಗೆಗೆ ಹೋಗಲು ದಾರಿಯೇ ಇಲ್ಲ ಎಂದೆ. 

"ಅವ್ವಗ ಹೇಳಬ್ಯಾಡ" ಎಂದ.

"ಮತ್ತ?"

"ನಾ ಪ್ರಮೋಷನ್ ಬ್ಯಾಡಂತ ಬರದು ಕೊಡ್ತೀನಿ. ಬಳ್ಳಾರಿಗೆ ಹೋದ್ರ ದೊಡ್ಡ ಮನಿ ಸಿಗ್ತಾವು, ಅಂಗಳ ಇರ್ತೈತಿ. ಆಕಿ ಹಿತ್ತಲದಾಗ ಹೊಗಿ ಹಾಕ್ಲಿ. ನಿನ್ನಿಂದನ ಕೂಸಿಗೆ ಹಿಂಗಾತು ಅಂತ ಆಕಿಗೆ ಹ್ಯಾಂಗ ಹೇಳೂದು ಅಕ್ಕಾ? ಸತ್ತ ಹೋಗ್ತಾಳ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾಯಿಯ ಮನಸ್ಸು ನೋಯಬಾರದೆಂದು ಎದುರಿಗಿದ್ದ ಬಡ್ತಿಯನ್ನೇ ಬಿಡಲು ಹೊರಟ ತಮ್ಮನ ಮೇಲೆ ಯಾರು ಸಿಟ್ಟಾಗಲು ಸಾಧ್ಯ? ಅವನ ಮೇಲೆ ಪ್ರೀತಿ ಉಕ್ಕಿತು. ಆದರೂ ಹೇಳದೆ ಇರಲಾಗುವುದಿಲ್ಲ ಎಂದೆ. ಬಳ್ಳಾರಿಯ ಚಳಿಗಾಲದಲ್ಲೂ ಕಿಟಕಿ ಮುಚ್ಚುತ್ತಾರೆ. ಇಬ್ಬರೂ ಮನೆಗೆ ಬಂದೆವು.

ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ಎದುರಿಗೆ ಕೂತು ಮೊರಕ್ಕೆ ಕೈ ಹಾಕಿ ನಾನೂ ಕಲ್ಲು ಹುಡುಕಿದೆ. ಆಮೇಲೆ ಅವಳ ಕ್ಯಾಲೆಂಡರನ್ನೇ ಮುಂದಿಟ್ಟು, ಬೊಟ್ಟುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಲೋಬಾನ ಎಂಬ ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. "ಅವ್ವಾ, ಇನ್ನೊಂದು ವಾರ ನಾ ಇರ್ತೀನಿ. ಆ ಒಂದು ವಾರ ಮನ್ಯಾಗ ಹೊಗಿ ಬ್ಯಾಡ. ಸುಮ್ಮನ ಪರೀಕ್ಷಾ" ಎಂದೆ.

ಅವ್ವ ಬೊಟ್ಟುಗಳನ್ನು ನೋಡಿದಳು. ಕೈಯಲ್ಲಿದ್ದ ಅಕ್ಕಿಯನ್ನು ನಿಧಾನವಾಗಿ ಮೊರಕ್ಕೆ ಬಿಟ್ಟಳು. "ಶುಕ್ರವಾರ" ಎಂದಳು. ಬೊಟ್ಟುಗಳ ಮೇಲೆ ತಾನೂ ಬೆರಳಾಡಿಸಿ, "ಮೂರು ವರ್ಷ ಆತಲ್ಲವಾ" ಎಂದಳು.  ಎದ್ದುಹೋಗಿ ಕೆಂಡದ ಪಾತ್ರೆಯನ್ನೂ ಲೋಬಾನದ ಪೊಟ್ಟಣವನ್ನೂ ತಂದು ನನ್ನ ಮುಂದಿಟ್ಟಳು. ಆಮೇಲೆ ಕಿಟಕಿಯ ಕಾಗದ ಕೀಳಲು ಶುರು ಮಾಡಿದಳು. ನಾವು ಮೂವರೂ ಕೈ ಹಚ್ಚಿದೆವು. ಸಮುದ್ರದ ಗಾಳಿ ಒಳಗೆ ಬಂತು. ಅದರ ಜೊತೆ ಧೂಳೂ ಬಂತು.

ಆ ವಾರ ಕೂಸಿಗೆ ದಮ್ಮು ಬರಲಿಲ್ಲ. ಶುಕ್ರವಾರ ಅವ್ವ ತಲೆ ಎರೆದು, ಕೂದಲನ್ನು ತಾರಸಿಯ ಬಿಸಿಲಲ್ಲಿ ಒಣಗಿಸಿದಳು. ನಾಲ್ಕು ಗಂಟೆಗೆ ನಾವೆಲ್ಲ ಬೇರೆ ಬೇರೆ ಕೆಲಸದ ನೆಪದಲ್ಲಿ ಕೂಸಿನ ಸುತ್ತಲೇ ಸುಳಿಯುತ್ತಿದ್ದೆವು. ಕೂಸು ಗೆಳತಿಯ ಮನೆಗೆ ಆಡಲು ಹೋಯಿತು. ಕೊನೆಯ ಗಾಜಿನ ಪಟ್ಟಿಯಲ್ಲಿ ಕೆಂಪು ಕಣಗಳು ಮೊದಲಿಗಿಂತ ಹೆಚ್ಚಿದ್ದವು, ಮಸಿ ಇರಲಿಲ್ಲ. ಒಂದು ವಾರದಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ಶ್ರೀಧರನಿಗೆ ಹೇಳಿದೆ. ನಿಜವಾಗಿ ತಿಳಿಯಬೇಕಾದರೆ ಮತ್ತೆ ಹೊಗೆ ಹಾಕಿ ನೋಡಬೇಕು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅದು ನಿನ್ನ ಬಾಟ್ಲಿಯೊಳಗ ಮಾಡು" ಎಂದಳು. "ಕೂಸಿನ ಮ್ಯಾಲೆ ಬ್ಯಾಡ. ನನಗ ಇಷ್ಟ ಸಾಕು."  ಆ ಸಂಜೆ ಶ್ರೀಧರ ಬಡ್ತಿ ಒಪ್ಪಿಕೊಂಡು ಉತ್ತರ ಬರೆದ.

ಶನಿವಾರ ನನ್ನ ವಾಪಸು ಗಾಡಿ. ಅವ್ವ ಬರುವುದು ಬೇಡವೆಂದರೂ ಸ್ಟೇಷನ್ನಿಗೆ ಬಂದಳು. ಶ್ರೀಧರ ನೀರು ತುಂಬಿಸಲು ಹೋದಾಗ ಕಿಟಕಿಯ ಸರಳು ಹಿಡಿದು ನಿಂತಳು. ವಾರದಲ್ಲಿ ಅವಳ ಮುಖ ಇನ್ನಷ್ಟು ಸಣ್ಣದಾಗಿತ್ತು.

"ಇದನ್ನ ನಿನ್ನ ಕಾಲೇಜಿನಾಗ ಹುಡುಗರಿಗೆ ಹೇಳ್ತಿ ಏನು?" ಎಂದು ಕೇಳಿದಳು.

"ಇಲ್ಲವಾ. ಯಾರಿಗೂ ಹೇಳೂದಿಲ್ಲ."

"ಹೇಳು." ಸರಳು ಬಿಡಲಿಲ್ಲ. "ಎಷ್ಟು ಮಂದಿ ಮುದಿಕ್ಯಾರು ಎಷ್ಟು ಕೂಸುಗಳಿಗೆ ಹೊಗಿ ಹಾಕ್ಕೋತ ಕುಂತಾರೋ ಏನೋ. ಯಾರೋ ಒಬ್ಬಾಕಿ ಅಂತ ಹೇಳಬ್ಯಾಡ, ಅದನ್ನ ಯಾರೂ ನಂಬೂದಿಲ್ಲ. ನನ್ನ ಅವ್ವ ಅಂತ ಹೇಳು. ಹೆಸರು ಹೇಳು."

ಗಾಡಿ ಹೊರಟಿತು. ಕೈ ಬೀಸುತ್ತಾಳೇನೋ ಎಂದು ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಆ ವರ್ಷದಿಂದ ಪ್ರತಿ ಹೊಸ ತರಗತಿಯ ಮೊದಲ ದಿನ ನಾನು ಈ ಪ್ರಯೋಗವನ್ನು ಹೇಳುತ್ತೇನೆ. ಮೊದಲು ಬೋರ್ಡಿನ ಮೇಲೆ ಅದನ್ನು ಮಾಡಿದವರ ಹೆಸರು ಬರೆಯುತ್ತೇನೆ. ನನ್ನದಲ್ಲ, ಅವ್ವನದು: ಗಂಗವ್ವ.